ನೋಟಿಸ್ ಕೊಟ್ಟ ದಿನ ಯಾರಿಗೂ ಸಿಟ್ಟು ಬರಲ್ಲ

"ಪ್ರಾಣ ಹೋಗೋ ಹೊತ್ತಲ್ಲಿ ಸಂಬಳ ಕೇಳ್ತಾರಲ್ಲ ಸಾರ್, ಮನುಷ್ಯತ್ವ ಬೇಡ್ವಾ?" 108 ಆಂಬುಲೆನ್ಸ್ ಸಿಬ್ಬಂದಿ ಮುಷ್ಕರದ ಮಾತೆತ್ತಿದಾಗಲೆಲ್ಲ ಕೋಲಾರದ ಕೋರ್ಟ್ ಮುಂದಿನ ಟೀ ಅಂಗಡಿಯಲ್ಲಿ ಯಾರಾದರೂ ನನಗೆ ಈ ಪ್ರಶ್ನೆ ಹಾಕುತ್ತಾರೆ. ಕೇಳುವವರು ಮುಳಬಾಗಿಲು ರಸ್ತೆಯ ಅಪಘಾತಗಳನ್ನು ಕಣ್ಣಾರೆ ನೋಡಿದವರು. ಎದೆನೋವು ಬಂದ ಅಪ್ಪನನ್ನು ಮಧ್ಯರಾತ್ರಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸಾಗಿಸಿದವರು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಕಾರ್ಮಿಕ ಕಾನೂನಿನ ವಕೀಲನಾದ ನನ್ನ ಮೇಜಿಗೆ ಬರುವುದು ಇದೇ ಜಗಳದ ಕಾಗದಗಳು. ಜನರಿಗೆ ಸಿಟ್ಟು ಬರುವ ಹೊತ್ತಿಗೆ ಆ ಕಾಗದಗಳಿಗೆ ಎಷ್ಟೋ ವಾರ ಆಗಿರುತ್ತದೆ.

ತುರ್ತು ಸೇವೆಯವರೆಲ್ಲ ಒಂದೇ ಎಂದುಕೊಳ್ಳುತ್ತೇವೆ. ಕಾನೂನಿನಲ್ಲಿ ಹಾಗಿಲ್ಲ. ಪೊಲೀಸರ ಹಕ್ಕುಗಳನ್ನು ಮೊಟಕು ಮಾಡಲು ಸಂವಿಧಾನದ 33ನೇ ವಿಧಿಯೇ ಅವಕಾಶ ಕೊಡುತ್ತದೆ, 1966ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದು ನೆನಪಿರಬಹುದು. ಕರೆ ಕೊಟ್ಟ ಮುಖಂಡರ ಮೇಲೆ ರಾಜದ್ರೋಹದ ಕೇಸು ಬಿತ್ತು. ಸಂಬಳ ಪರಿಷ್ಕರಿಸಬೇಕೆಂದ ಔರಾದ್ಕರ್ ಸಮಿತಿಯ ಶಿಫಾರಸು ಜಾರಿಗೆ ಬರಲು 2019 ಆಯಿತು. ಅಗ್ನಿಶಾಮಕ ದಳದವರು ಸರ್ಕಾರಿ ನೌಕರರು, ಅವರ ನಡತೆ ನಿಯಮಗಳು ಮುಷ್ಕರಕ್ಕೆ ಒಪ್ಪುವುದಿಲ್ಲ. ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ಕೇಸಿನಲ್ಲಿ ಹೇಳಿತು. ಆದರೂ 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಕೆಲಸ ಬಿಟ್ಟು ಕೂತರು. ಆಸ್ಪತ್ರೆಗಳಲ್ಲಿ ಒಪಿಡಿ ನಿಂತಿತು, ತುರ್ತು ವಿಭಾಗ ನಡೆಯಿತು. ಅದೇ ದಿನ ಶೇಕಡಾ 17ರ ಮಧ್ಯಂತರ ಪರಿಹಾರ ಘೋಷಣೆಯಾಗಿ ಮುಷ್ಕರ ಮುಗಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕೆಲಸ ಕಾಯಂ ಮಾಡಿ ಎಂದು ಕೂತಿದ್ದ ರಾಷ್ಟ್ರೀಯ ಆರೋಗ್ಯ ಅಭಿಯಾನ ಅಂದರೆ ಎನ್‌ಎಚ್‌ಎಂ ಗುತ್ತಿಗೆ ಸಿಬ್ಬಂದಿಗೆ ಒಂದು ದಿನದಲ್ಲಿ ಏನೂ ಸಿಗಲಿಲ್ಲ, ವಾರಗಟ್ಟಲೆ ಕೂರಬೇಕಾಯಿತು. ಹೆಚ್ಚು ದಿನ ಕೂತವರನ್ನು ನಾವು ಹಟಮಾರಿಗಳು ಅನ್ನುತ್ತೇವೆ. ಬಲ ಇರುವವನ ಮುಷ್ಕರ ಬೇಗ ಮುಗಿಯುತ್ತದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

108ರ ಕಥೆ ಇನ್ನೂ ಜಟಿಲ. ರಾಜ್ಯದಲ್ಲಿ ಈ ಸೇವೆ ಶುರುವಾದದ್ದು 2008ರಲ್ಲಿ, ಸರ್ಕಾರ ಮತ್ತು ಖಾಸಗಿ ಸಂಸ್ಥೆಯ ಒಪ್ಪಂದದ ಮೇಲೆ. ಗಾಡಿಯ ಮೇಲೆ ಸರ್ಕಾರದ ಹೆಸರು, ಸಂಬಳದ ಚೀಟಿಯ ಮೇಲೆ ಏಜೆನ್ಸಿಯ ಹೆಸರು. ಪೈಲಟ್ ಎಂದು ಕರೆಸಿಕೊಳ್ಳುವ ಡ್ರೈವರ್, ಜೊತೆಗೆ ಗಾಡಿಯಲ್ಲೇ ತುರ್ತು ಚಿಕಿತ್ಸೆ ಕೊಡುವ ಇಎಂಟಿ, ಇಬ್ಬರಿಗೂ 12 ಗಂಟೆಯ ಪಾಳಿ. 2024ರ ಮೇ ತಿಂಗಳಲ್ಲಿ ಇವರು ಕೆಲಸ ನಿಲ್ಲಿಸುತ್ತೇವೆ ಎಂದಾಗ ಮುಖ್ಯ ತಕರಾರು ಬಾಕಿ ಸಂಬಳದ್ದು. ಈ ವ್ಯತ್ಯಾಸ ಜನರ ಬಾಯಲ್ಲಿ ಕಳೆದುಹೋಗುತ್ತದೆ. "ಜಾಸ್ತಿ ಕೊಡಿ" ಎಂದು ಕೇಳುವುದು ಚೌಕಾಸಿ. ದುಡಿದ ತಿಂಗಳ ದುಡ್ಡು ಕೊಡಿ ಎನ್ನುವುದು ಸಾಲ ವಸೂಲಿ. ಗುತ್ತಿಗೆ ಕೆಲಸಗಾರರು ನನ್ನ ಕಚೇರಿಗೆ ಬರುವುದು ಹೆಚ್ಚಾಗಿ ಎರಡನೆಯದಕ್ಕೆ. ಇಎಂಐ ಕಟ್ಟದೆ ಬ್ಯಾಂಕಿನವರ ಫೋನ್ ಬರುವವರೆಗೂ ಕಾದು, ಆಮೇಲೆ ಬರುತ್ತಾರೆ.

ಕಾನೂನು ಏನು ಹೇಳುತ್ತದೆ? ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಈ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಹಳೆಯ ಕಾಯ್ದೆಗಳ ಬದಲು ಬಂದ ಈಗಿನ ಕಾರ್ಮಿಕ ಸಂಹಿತೆಯಲ್ಲೂ ಇದೆ. ಆದರೆ 108ರಂಥ ಒಪ್ಪಂದದಲ್ಲಿ "ನಾವು ಮಾಲೀಕರಲ್ಲ, ಸೇವೆ ಕೊಂಡವರು" ಎಂದು ಇಲಾಖೆ ವಾದಿಸಲು ಜಾಗ ಇದೆ. ಏಜೆನ್ಸಿಗೆ "ಸರ್ಕಾರದ ದುಡ್ಡು ಬಂದಿಲ್ಲ" ಎನ್ನಲು ಜಾಗ ಇದೆ. ಮಧ್ಯೆ ಪೈಲಟ್‌ಗೆ ಡೀಸೆಲ್ ಹಾಕಿಸಿ ಗಾಡಿ ಓಡಿಸಲು ಮಾತ್ರ ಜಾಗ.

ಈಗ ನೋಟಿಸಿನ ವಿಷಯಕ್ಕೆ ಬರುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ ಮೊದಲು ಕನಿಷ್ಠ 14 ದಿನದ ನೋಟಿಸ್ ಕೊಡಬೇಕು. ಹಳೆಯ ಕಾಯ್ದೆಯಲ್ಲಿ ಈ ಕಟ್ಟು ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು, ಈಗ ಎಲ್ಲ ಕೈಗಾರಿಕೆಗೂ ಇದೆ. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುಯಲ್ ರಜೆ ಹಾಕಿದರೆ ಅದೂ ಮುಷ್ಕರವೇ. ರಾಜಿ ಸಂಧಾನ ನಡೆಯುತ್ತಿದ್ದರೆ, ಅದು ಮುಗಿದು 7 ದಿನ ಆಗುವವರೆಗೂ ಮುಷ್ಕರ ಮಾಡುವಂತಿಲ್ಲ. ಸಂಧಾನ ಶುರುವಾಯಿತು ಎಂದು ಲೆಕ್ಕ ಹಾಕುವುದು ಸಂಧಾನ ಅಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ. ಅಂದರೆ 13ನೇ ದಿನ ಸಂಜೆ ಒಂದು ಸಭೆ ನಡೆದರೆ ಸಾಕು, 15ನೇ ದಿನದ ಮುಷ್ಕರ ಕಾನೂನುಬಾಹಿರ. ಅದಕ್ಕೂ ಬಗ್ಗದಿದ್ದರೆ ಎಸ್ಮಾ ಇದ್ದೇ ಇದೆ. ಕರ್ನಾಟಕಕ್ಕೆ ಅದರದೇ 2013ರ ಅಗತ್ಯ ಸೇವೆಗಳ ಕಾಯ್ದೆಯಿದೆ, ಒಂದು ಆದೇಶದಲ್ಲಿ ಮುಷ್ಕರ ನಿಷೇಧಿಸಬಹುದು. ಇಷ್ಟೆಲ್ಲ ಬೇಲಿ ಹಾರಿ ಒಬ್ಬ ಇಎಂಟಿ ಗಾಡಿ ನಿಲ್ಲಿಸುತ್ತಾನೆ ಅಂದರೆ ಅವನು ಎಷ್ಟು ಬೇಸತ್ತಿರಬೇಕು, ಅಲ್ವಾ?

ಆ 14 ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ನೋಟಿಸ್ ಕೊಟ್ಟ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಗಾಡಿ ನಿಂತ ದಿನ ಮುಖಪುಟ. ಸಿಟ್ಟು ಮೊದಲ ವಾರ ಬಂದಿದ್ದರೆ, ಒಬ್ಬ ಶಾಸಕನಿಗೆ ಹತ್ತು ಫೋನ್ ಹೋಗಿದ್ದರೆ, ಬಾಕಿ ಬಿಡುಗಡೆಯಾಗುತ್ತಿತ್ತೋ ಏನೋ. ಕೊನೆಯ ದಿನ ಬರುವ ಸಿಟ್ಟು ಬೀಳುವುದು ಯೂನಿಫಾರ್ಮ್ ಹಾಕಿದ ಹುಡುಗನ ಮೇಲೆ ಮಾತ್ರ.

ಕೋಲಾರದವರಿಗೆ ಮುಷ್ಕರ ಹೊಸದೇನಲ್ಲ. 1930ರಲ್ಲಿ ಬೆರಳಚ್ಚು ಕೊಡಲ್ಲ ಎಂದು ಕೆಜಿಎಫ್‌ನ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದನ್ನು ಇಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಮನೆಯವರೇ ಆಂಬುಲೆನ್ಸ್ ನಿಂತರೆ ಬೈಯುತ್ತಾರೆ. ಇದರಲ್ಲಿ ಇಬ್ಬಂದಿತನ ಇದೆ ಎಂದು ನನಗೆ ಅನಿಸುವುದಿಲ್ಲ. ಗಣಿ ನಿಂತರೆ ನಷ್ಟ ಕಂಪನಿಗೆ. ಆಂಬುಲೆನ್ಸ್ ನಿಂತರೆ ನಷ್ಟ ಪಕ್ಕದ ಮನೆಯ ಬಸುರಿಗೆ. ದುಡ್ಡು ಕೊಡಬೇಕಾದವನಿಗೆ ಅಂದು ರಾತ್ರಿ ನಿದ್ದೆ ಕೆಡುವುದಿಲ್ಲ. ತುರ್ತು ಸೇವೆಯ ಮುಷ್ಕರದ ನಿಜವಾದ ಕಷ್ಟ ಇದು. ನನ್ನ ಕಕ್ಷಿದಾರರಿಗೂ ಇದನ್ನೇ ಹೇಳುತ್ತೇನೆ, ಅವರಿಗೆ ಇಷ್ಟವಾಗುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಗಂಟನ್ನು ಬಹಳ ಹಿಂದೆಯೇ ಗುರುತಿಸಿದೆ. ಆಸ್ಪತ್ರೆ, ಆಂಬುಲೆನ್ಸ್, ಅಗ್ನಿಶಾಮಕದಂಥ ಸೇವೆಗಳಲ್ಲಿ ಸರ್ಕಾರ ಮುಷ್ಕರ ನಿಷೇಧಿಸಬಹುದು ಎನ್ನುತ್ತದೆ. ಆದರೆ ಹಾಗೆ ಹಕ್ಕು ಕಿತ್ತುಕೊಂಡವರಿಗೆ ಬೇಗ ತೀರ್ಪು ಕೊಡುವ, ಯಾರ ಪರವೂ ಅಲ್ಲದ ಪಂಚಾಯಿತಿ ವ್ಯವಸ್ಥೆ ಇರಲೇಬೇಕು, ಅದರ ತೀರ್ಪು ಎರಡೂ ಕಡೆಯವರನ್ನು ಕಟ್ಟಿಹಾಕಬೇಕು ಎಂದೂ ಹೇಳುತ್ತದೆ. ನಾವು ಮೊದಲ ಅರ್ಧ ಮಾತ್ರ ತೆಗೆದುಕೊಂಡೆವು.

ಇಂಗ್ಲೆಂಡಿನಲ್ಲಿ 2022ರ ಡಿಸೆಂಬರ್ 21ರಂದು ಆಂಬುಲೆನ್ಸ್ ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರ ಮಾಡಿದರು. ಯಾವ ಕರೆಗೆ ಹೋಗಬೇಕು, ಯಾವುದಕ್ಕೆ ಬೇಡ ಎಂದು ಸಂಘಗಳೂ ಆಡಳಿತವೂ ಮೊದಲೇ ಕೂತು ಮಾತಾಡಿದ್ದವು. ತಕ್ಷಣ ಜೀವಕ್ಕೆ ಅಪಾಯ ಎನ್ನುವ ಕರೆಗಳಿಗೆ ಗಾಡಿ ಹೋಗಬೇಕು ಎಂಬುದು ಒಪ್ಪಂದ. ನಮ್ಮಲ್ಲೂ ನೋಟಿಸಿನ ಜೊತೆ ಇಂಥ ಪಟ್ಟಿ ಕೊಡಿ ಎಂದು ನಾನು ಸಂಘದವರ ಬೆನ್ನು ಹತ್ತುತ್ತೇನೆ. ಹೆದ್ದಾರಿ ಅಪಘಾತ, ಹೆರಿಗೆ, ಎದೆನೋವು, ಹಾವು ಕಡಿತ ಇವಕ್ಕೆ ಗಾಡಿ ಬರುತ್ತದೆ ಎಂದು ಬರೆಯಿರಿ. ತಾಲ್ಲೂಕಿನ ಹೆಸರು ಹಾಕಿ ಬರೆಯಿರಿ. ಬಾಗೇಪಲ್ಲಿಯ ಗಾಡಿ ನಿಲ್ಲುವುದೂ ಕೋಲಾರ ಪೇಟೆಯ ಗಾಡಿ ನಿಲ್ಲುವುದೂ ಒಂದೇ ಅಲ್ಲ. ಪಾವಗಡದವನಿಗಂತೂ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 100 ಕಿಲೋಮೀಟರ್, ಸುತ್ತ ಆಂಧ್ರ. ಪಟ್ಟಿ ಕೊಟ್ಟರೆ ಒತ್ತಡ ಕಡಿಮೆಯಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಆಗಬಹುದು. ಜನ ಎದುರು ನಿಂತರೆ ಉಳಿದ ಒತ್ತಡವೂ ಹೋಗುತ್ತದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟಿಗೆ ಗಾಜು ಒಡೆದರು. ಸಂಬಳದ ಲೆಕ್ಕದಲ್ಲಿ ತಪ್ಪಿತ್ತು ಎಂದು ಆಮೇಲೆ ಹೊರಬಂತು. ಜನರ ನೆನಪಲ್ಲಿ ಉಳಿದದ್ದು ಗಾಜು.

ಕೆಲಸ ನಿಲ್ಲಿಸುವವರಿಗೂ ಒಂದು ಮಾತು. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಸರಿಯಾದ ನೋಟಿಸ್ ಇಲ್ಲದೆ, ಕಾರಣವಿಲ್ಲದೆ ಗೈರಾದರೆ ಮಾಲೀಕ ಗೈರಾದ ದಿನಗಳ ಜೊತೆಗೆ 8 ದಿನದವರೆಗಿನ ಸಂಬಳವನ್ನೂ ಕಡಿತ ಮಾಡಬಹುದು, ಷರತ್ತಿನಲ್ಲಿ ಹಾಗೆ ಬರೆದಿದ್ದರೆ. ನೇಮಕಾತಿ ಪತ್ರ ಓದಿ. ಮುಷ್ಕರದ ದಿನಗಳ ಸಂಬಳ ಸಿಗಬೇಕಾದರೆ ಅದು ಕಾನೂನುಬದ್ಧವೂ ಆಗಿರಬೇಕು, ನ್ಯಾಯವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟಿನ ತೀರ್ಪಿದೆ. ಎರಡರಲ್ಲಿ ಒಂದು ಸಾಲದು.

ಟೀ ಅಂಗಡಿಯ ಪ್ರಶ್ನೆಗೆ ಬಾಲವಾಗಿ ಇನ್ನೊಂದು ಬರುತ್ತದೆ: "ಗಾಡಿ ಬರದೆ ನಮ್ಮೋರು ಹೋಗ್ಬಿಟ್ರೆ ಯಾರ ಮೇಲೆ ಕೇಸ್ ಹಾಕೋದು?" ಇದಕ್ಕೆ ಸುಪ್ರೀಂ ಕೋರ್ಟಿನ 1996ರ ತೀರ್ಪೊಂದು ದಾರಿ ತೋರಿಸುತ್ತದೆ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೃಷಿ ಕಾರ್ಮಿಕನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತ್ತು. ತುರ್ತು ಚಿಕಿತ್ಸೆ ಸಿಗದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಎಂದು ರಾಜ್ಯ ನುಣುಚಿಕೊಳ್ಳುವಂತಿಲ್ಲ ಎಂದು ಹೇಳಿ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪು ಬೊಟ್ಟು ಮಾಡುವುದು ರಾಜ್ಯದ ಕಡೆಗೆ. ಹಾಗಾಗಿ 108ಕ್ಕೆ ಕರೆ ಮಾಡಿದ ಹೊತ್ತು ಫೋನಿನಲ್ಲಿ ಅಳಿಸದೆ ಇಟ್ಟುಕೊಳ್ಳಿ, ಯಾವ ಗಾಡಿಯಲ್ಲಿ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದಿರಿ ಎಂದು ಬರೆದಿಡಿ, ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪೈಲಟ್‌ನ ಫೋಟೋ ವಾಟ್ಸಾಪಿನಲ್ಲಿ ಹಂಚಿದರೆ ಕೇಸಿಗೆ ಯಾವ ಉಪಯೋಗವೂ ಇಲ್ಲ.