ಜಾರಿದ ಡಿಸ್ಕನ್ನು ತಿಕ್ಕಿ ಕೂರಿಸಬಹುದಾ?

“ಡಾಕ್ಟ್ರೇ, ಮಗನಿಗೆ 15 ವರ್ಷ. ಕಬಡ್ಡಿ ಆಡಿ ಸೊಂಟ ಹಿಡಿದಿದೆ, ನೋವು ಎಡಗಾಲಿಗೆ ಇಳಿಯುತ್ತೆ. ಡಿಸ್ಕ್ ಜಾರಿದೆಯಂತೆ. ಎಣ್ಣೆ ಹಚ್ಚಿ ತಿಕ್ಕಿ ಕೂರಿಸೋರು ಒಬ್ಬರಿದ್ದಾರೆ, ಕರ್ಕೊಂಡು ಹೋಗ್ಲಾ?”

ಬೇಡಮ್ಮಾ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ.

‘ಜಾರಿದೆ’ ಅನ್ನೋ ಮಾತೇ ತಪ್ಪು. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಅದು ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಭದ್ರವಾಗಿ ಅಂಟಿಕೊಂಡಿರುತ್ತದೆ, ಎಲ್ಲಿಗೂ ಜಾರುವುದಿಲ್ಲ. ಹೋಳಿಗೆ ತಟ್ಟುವಾಗ ಕಣಕ ಹರಿದು ಹೂರಣ ಈಚೆ ಬರುತ್ತದಲ್ವಾ, ಹಾಗೆ. ಹೊರಪದರ ಹರಿದು ಒಳಗಿನ ಮೆತ್ತನೆಯ ತಿರುಳು ಈಚೆ ಬಂದು ಕಾಲಿನ ನರವನ್ನು ಒತ್ತುತ್ತದೆ, ಕೆರಳಿಸುತ್ತದೆ. ಅದಕ್ಕೇ ಪೆಟ್ಟು ಸೊಂಟಕ್ಕಾದರೂ ನೋವು ಕಾಲಿಗೆ. ಈಗ ನೀವೇ ಹೇಳಿ, ಈಚೆ ಬಂದ ಹೂರಣ ಮೇಲಿಂದ ಒತ್ತಿದರೆ ಒಳಗೆ ಹೋಗುತ್ತದಾ?

“ಟಕ್ ಅಂತು, ಕೂತ್ಕೊಳ್ತು” ಅಂತೀರಿ. ಆ ಸದ್ದು ಬೆನ್ನಿನ ಕೀಲಿನದು, ಬೆರಳಿನ ಲಟಿಕೆ ತೆಗೆದಂತೆ. “ಪಕ್ಕದ ಮನೆಯವರಿಗೆ ವಾಸಿಯಾಯ್ತಲ್ಲ” ಅಂತೀರಿ. ಆಗಿರಬಹುದು. ಈಚೆ ಬಂದ ತಿರುಳನ್ನು ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ಕೆಲಸ ದೇಹದ್ದು, ಹೆಸರು ಎಣ್ಣೆಗೆ. ಅದೂ ಈ ವಯಸ್ಸಿನಲ್ಲಿ ಬೆನ್ನುಮೂಳೆಯ ಅಂಚು ಇನ್ನೂ ಪೂರ್ತಿ ಕೂಡಿರುವುದಿಲ್ಲ, ಡಿಸ್ಕಿನ ಜೊತೆ ಅದರ ಚೂರೂ ಮುರಿದು ಬಂದಿರಬಹುದು. ಅದರ ಮೇಲೆ ಮಂಡಿ ಊರಿ ಒತ್ತಿಸ್ತೀರಾ?

ಮಕ್ಕಳಲ್ಲಿ ಇದು ಅಪರೂಪ. ಹಾಗಾಗಿ ‘ಉಳುಕು’ ಅಂತಲೇ ತಿಂಗಳು ಕಳೆಯುತ್ತವೆ. ನಾನು ಮೊದಲು ನೋಡುವುದು ಹುಡುಗ ಬಾಗಿಲಿಂದ ಬರುವ ರೀತಿ. ಒಂದು ಕಡೆಗೆ ವಾಲಿರುತ್ತಾನೆ. ಶೂ ಬಿಚ್ಚು ಅಂದರೆ ಬಗ್ಗುವುದಿಲ್ಲ, ಇನ್ನೊಂದು ಕಾಲಿಂದ ಹಿಮ್ಮಡಿ ಒತ್ತಿ ಕಳಚುತ್ತಾನೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿದರೆ ಅರ್ಧಕ್ಕೇ ಮುಖ ಕಿವುಚುತ್ತಾನೆ. ಎಕ್ಸ್‌-ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ, ಎಂಆರ್‌ಐ ಬೇಕು. ತೊಂದರೆ ಹೆಚ್ಚಾಗಿ ಕೊನೆಯ ಎರಡು ಡಿಸ್ಕುಗಳಲ್ಲೇ.

ಸದ್ಯಕ್ಕೆ ಕಬಡ್ಡಿ ಬಂದ್. ಹಾಗಂತ ವಾರಗಟ್ಟಲೆ ಮಲಗಿಸಬೇಡಿ. ನೋವಿನ ಮಾತ್ರೆ, ಫಿಸಿಯೋಥೆರಪಿ, ಸುಮಾರು 6 ವಾರ ತಾಳ್ಮೆ. ಆಮೇಲೂ ಕಾಲುನೋವು ಬಗ್ಗದಿದ್ದರೆ, ಅಥವಾ ಪಾದ ಸೋಲುತ್ತಾ ಬಂದರೆ, ಆಪರೇಷನ್ ಮಾತು. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ.

ಇನ್ನೊಂದು, ನೀವು ಕೇಳಿಲ್ಲ. ಮಗನನ್ನು ತೋರಿಸಲು ಬಂದ ಅಪ್ಪಂದಿರು ಹೊರಡುವಾಗ ತಮ್ಮ ಹಳೇ ಎಂಆರ್‌ಐ ಕವರನ್ನೂ ಮೇಜಿನ ಮೇಲಿಡುತ್ತಾರೆ. “ನನಗೂ ಡಿಸ್ಕ್ ಉಬ್ಬಿದೆಯಂತೆ ಸಾರ್.” ನೋವಿದೆಯಾ? “ಈಗೇನಿಲ್ಲ.” 40ರ ಹೊತ್ತಿಗೆ, ನೋವೇ ಇಲ್ಲದವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಆ ಉಬ್ಬು ಕಾಣುತ್ತದೆ. ತಲೆಗೂದಲು ನರೆತ ಹಾಗೆ. ಕವರ್ ಮನೆಗೆ ಒಯ್ದು ಬೀರುವಿನಲ್ಲಿಡಿ ಸಾರ್, ಹುಡುಗನ ಕಾಲು ನೋಡೋಣ.