ಕೆರೆಯಂಚಿನ ಜೊಂಡು ಕೊಳೆಯಲ್ಲ

ಯಲಹಂಕದ ಸುತ್ತ ಯಲಹಂಕ ಕೆರೆ, ಪುಟ್ಟೇನಹಳ್ಳಿ ಕೆರೆ, ಅಲ್ಲಾಳಸಂದ್ರ ಕೆರೆ, ಜಕ್ಕೂರು ಕೆರೆಗಳಿವೆ. ಇವುಗಳಲ್ಲಿ ಪುಟ್ಟೇನಹಳ್ಳಿ ಕೆರೆಯು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೂ ಹೌದು. ಆದರೂ ಕೆರೆ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಜೊಂಡನ್ನು ಕಿತ್ತುಹಾಕಿ, ಅಂಚಿನವರೆಗೂ ಆಳ ಮಾಡಿ ಎಂಬ ಬೇಡಿಕೆಯೇ. ಕೆರೆಯನ್ನು ಕೆಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇವು ತಾವಾಗಿಯೇ ಆದ ಸರೋವರಗಳಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ದೊಡ್ಡ ನದಿಯಿಲ್ಲದ ಈ ನೆಲದಲ್ಲಿ, ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟುವ ಮೊದಲೂ ಆಮೇಲೂ ಜನರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರನ್ನು ನಿಲ್ಲಿಸಿದರು. ಜಕ್ಕೂರು ಕೆರೆ ಕೋಡಿ ಬಿದ್ದರೆ ನೀರು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ. ಏರಿಯ ಬಳಿ ಆಳ, ಎದುರಂಚಿನಲ್ಲಿ ಮೊಣಕಾಲುದ್ದದ ನೀರು ಎಂಬ ಈ ರಚನೆಯಿಂದಲೇ ಅಂಚಿನಲ್ಲಿ ಜೊಂಡು, ಅದೇ ಬಗೆಯ ನೀರುಸಸ್ಯವಾದ ಆಪು ಬೇರೂರಲು ಸಾಧ್ಯವಾಯಿತು.

ಆಪಿನ ಎಲೆಯನ್ನು ಬುಡದಲ್ಲಿ ಅಡ್ಡಲಾಗಿ ಕತ್ತರಿಸಿದರೆ ಜೇನುಹುಟ್ಟಿನಂತೆ ಸಾಲುಸಾಲು ಗಾಳಿಗೂಡುಗಳು ಕಾಣುತ್ತವೆ. ಇವುಗಳ ಮೂಲಕ ಇಳಿದ ಆಮ್ಲಜನಕ ಬೇರಿನಿಂದ ಕೆಸರಿಗೆ ಒಸರುತ್ತದೆ. ಒಳಚರಂಡಿ ನೀರಿನಲ್ಲಿರುವ, ಮೀನಿಗೆ ವಿಷವಾಗುವ ಅಮೋನಿಯಾವನ್ನು ಬೇರಿನ ಸುತ್ತಲಿನ ಬ್ಯಾಕ್ಟೀರಿಯಾಗಳು ಆ ಆಮ್ಲಜನಕ ಬಳಸಿ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೇರಿನಿಂದ ಕೆಲವೇ ಮಿಲಿಮೀಟರ್ ಆಚೆ ಆಮ್ಲಜನಕವಿಲ್ಲದ ಕೆಸರಿದ್ದು, ಅಲ್ಲಿನ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ನೈಟ್ರೇಟನ್ನೇ ಬಳಸಿ ಸಾರಜನಕದ ಅನಿಲವನ್ನು ಬಿಡುತ್ತವೆ. ನಾವು ಉಸಿರಾಡುವ ಗಾಳಿಯ ಶೇ 78ರಷ್ಟು ಇದೇ ಅನಿಲ. ಗಾಳಿಯುಳ್ಳ ಮತ್ತು ಗಾಳಿಯಿಲ್ಲದ ಎರಡು ಲೋಕಗಳು ಒಂದೇ ಬೇರಿನ ಪಕ್ಕದಲ್ಲಿರುವುದು ನಿಜಕ್ಕೂ ಅದ್ಭುತ! ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಇಂಥ ಜೌಗು ಪ್ರದೇಶವನ್ನು ಹಾದೇ ಕೆರೆ ಸೇರುವಂತೆ ಮಾಡಿರುವುದು ಈ ಕಾರಣಕ್ಕೆ.

ಅಂಚನ್ನು ಕಡಿದಾಗಿ ಅಗೆದು ಕಲ್ಲು ಹೊದಿಸಿದರೆ ಬೇರಿಗೆ ನೆಲೆಯಿಲ್ಲ. ನೀರಿನಲ್ಲಿ ನಡೆದಾಡುತ್ತ ಮೀನು ಹುಡುಕುವ ಬಣ್ಣದ ಕೊಕ್ಕರೆಗೆ ಕಾಲೂರಲು ಜಾಗವಿಲ್ಲ. ಹೊರಹೋಗದೆ ನೀರಿನಲ್ಲೇ ಉಳಿದ ಸಾರಜನಕವನ್ನು ಉಂಡು ಮಿತಿಮೀರಿ ಬೆಳೆದ ಪಾಚಿಯು ರಾತ್ರಿಯಿಡೀ ಆಮ್ಲಜನಕವನ್ನು ಹೀರಿ, ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲಿದರೆ, ಯಾರೋ ವಿಷ ಹಾಕಿದರೆಂಬ ಸುದ್ದಿ ಹಬ್ಬುತ್ತದೆ.

ಜೊಂಡನ್ನು ಮುಟ್ಟಲೇಬಾರದು ಎಂದಲ್ಲ. ಒಳಚರಂಡಿ ನೀರಿನಲ್ಲಿ ಪಾಚಿಯನ್ನು ಬೆಳೆಸುವ ಇನ್ನೊಂದು ಪೋಷಕಾಂಶವಾದ ರಂಜಕವು (ಫಾಸ್ಫರಸ್) ಸಾರಜನಕದಂತೆ ಅನಿಲವಾಗಿ ಹಾರಿಹೋಗುವುದಿಲ್ಲ. ಅದು ಕೆಸರಿನಲ್ಲೋ ಗಿಡದಲ್ಲೋ ಉಳಿಯುತ್ತದೆ. ಹಾಗಾಗಿ ಹಕ್ಕಿಗಳು ಗೂಡು ಕಟ್ಟುವ ಕಾಲವನ್ನು ಬಿಟ್ಟು, ಭಾಗಭಾಗವಾಗಿ ಜೊಂಡನ್ನು ಕೊಯ್ಯಬೇಕು. ಕೊಯ್ದದ್ದನ್ನು ದಡದಲ್ಲೇ ಗುಡ್ಡೆ ಹಾಕಿದರೆ ಅದು ಮಳೆಗೆ ಕೊಳೆತು, ರಂಜಕವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ.