ಉಜ್ಜಿದಷ್ಟೂ ಬರುವ ‘ಮಣ್ಣು’

“ಎಷ್ಟು ಉಜ್ಜಿದ್ರೂ ಮೈಯಾಗಿನ ಮಣ್ಣು ಮುಗೀವಲ್ದು ನೋಡ್ರಿ ಡಾಕ್ಟ್ರೇ.”

ಮೊನ್ನೆ ಸಿಂಧನೂರಿನ ನನ್ನ ಕ್ಲಿನಿಕ್ಕಿಗೆ ಅತ್ತೆ ಜೊತೆ ಬಂದಿದ್ದ ಸೊಸೆಯ ದೂರು ಇದು. ತೋಳಿನ ತುಂಬ ಕೆಂಪು ಗೀರು. ದಿನಾ ಸ್ನಾನಕ್ಕೆ ಕಲ್ಲು ಹಿಡಿದು ಉಜ್ಜುತ್ತಾರಂತೆ.

ಹಾಗೆ ಉರುಳುರುಳಾಗಿ ಬರುವುದರಲ್ಲಿ ಧೂಳು, ಬೆವರು, ಎಣ್ಣೆ ಇರುತ್ತವೆ ನಿಜ. ಜೊತೆಗೆ ಸತ್ತ ಚರ್ಮವೂ ಇರುತ್ತದೆ. ಅದು ಮುಗಿಯುವುದು ಹೇಗೆ? ಕೆಳಗೆ ತಯಾರಿ ನಿಲ್ಲುವುದೇ ಇಲ್ಲ.

ಹೊರಚರ್ಮದ ತಳದಲ್ಲಿ ಜೀವಕೋಶಗಳು ಒಂದು ಎರಡಾಗುತ್ತಲೇ ಇರುತ್ತವೆ. ಹೊಸದು ಹುಟ್ಟಿದಂತೆ ಹಳೆಯದು ಮೇಲಕ್ಕೆ ಸರಿಯುತ್ತದೆ. ಸರಿಯುತ್ತಾ ಮೈತುಂಬ ಕೆರಾಟಿನ್ ತುಂಬಿಕೊಳ್ಳುತ್ತದೆ. ಉಗುರು, ಕೂದಲಲ್ಲಿರುವ ಪ್ರೋಟೀನೇ ಅದು. ಮೇಲೆ ಮುಟ್ಟುವ ಹೊತ್ತಿಗೆ ಒಳಗಿನ ನ್ಯೂಕ್ಲಿಯಸ್ (ಕೋಶದ ಕೇಂದ್ರ) ಕರಗಿ, ಕೋಶ ಚಪ್ಪಟೆಯಾಗಿ ಸತ್ತಿರುತ್ತದೆ. ಸತ್ತ ಮೇಲೇ ಅದರ ನಿಜವಾದ ಕೆಲಸ ಶುರು! ಅಕ್ಕಿಗೆ ಹೊಟ್ಟು ಇದ್ದ ಹಾಗೆ, ಇಂಥ 15–20 ಪದರ ನಮ್ಮ ಮೈ ಕಾಯುತ್ತದೆ. ಆ ಪದರಗಳ ಕೋಶಗಳ ನಡುವೆ ಇರುವ ಕೊಬ್ಬು ಮೈಯ ನೀರು ಆರದಂತೆ ಹಿಡಿದಿಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಈ ಹೊದಿಕೆಯನ್ನೇ ಕೆರೆದು ತೆಗೆದರೆ ಉರಿ ಬರದೆ ಇರುತ್ತದಾ?

ಕೆಲಸ ಮುಗಿದವು ತಾವಾಗೇ ಉದುರುತ್ತವೆ. ಒಂದಕ್ಕೊಂದು ಕಟ್ಟಿದ ಕೊಂಡಿಗಳನ್ನು ಚರ್ಮದ ಕಿಣ್ವಗಳೇ ಕತ್ತರಿಸುತ್ತವೆ. ಹುಟ್ಟಿ ಉದುರುವವರೆಗೆ ಹರೆಯದಲ್ಲಿ ಸುಮಾರು 4ರಿಂದ 6 ವಾರ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇದ್ದರೆ ಕೆಲವೇ ದಿನಕ್ಕೆ ಕೋಶ ಮೇಲೆ ಬಂದುಬಿಡುತ್ತದೆ. ಅದಕ್ಕೇ ಅಲ್ಲಿ ಬಿಳಿ ಹೊಪ್ಪಳಿಕೆ. (ಅದು ಅಂಟುರೋಗವಲ್ಲ. ಇದನ್ನು ವಾರಕ್ಕೆ ಹತ್ತು ಸಲವಾದರೂ ಹೇಳುತ್ತೇನೆ.)

ಸೊಸೆಯ ಅಂಗೈಯಲ್ಲಿ ಮದುವೆ ಮನೆಯ ಮದರಂಗಿ ಅರ್ಧ ಅಳಿಸಿತ್ತು. ಅತ್ತೆಯ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಹಚ್ಚೆ ಹಸಿರಾಗಿ ಹಾಗೇ ಇತ್ತು. ಇಬ್ಬರ ಕೈಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದೆ. ಮದರಂಗಿ ಹಿಡಿಯುವುದು ಸತ್ತ ಪದರದ ಕೆರಾಟಿನ್‌ಗೆ. ಪದರ ಉದುರಿದ ಹಾಗೆ ಬಣ್ಣವೂ ಹೋಗುತ್ತದೆ. ಹಚ್ಚೆಯ ಸೂಜಿ ಅದನ್ನೆಲ್ಲ ದಾಟಿ ಒಳಚರ್ಮಕ್ಕೆ ಬಣ್ಣ ಇಳಿಸುತ್ತದೆ. ಆ ಪದರ ಹೀಗೆ ಉದುರುವುದಿಲ್ಲ.

ಅತ್ತೆಗೆ ತಕ್ಷಣ ಹೊಳೆಯಿತು. “ಹಂಗಾರ ಈಕಿ ಸುಮ್ನೆ ತಿಕ್ಕೊಳ್ಳೋದು! ಆ ಕಲ್ಲು ಏನ್ ಮಾಡೂದ್ರೀ?”

“ಹಿಮ್ಮಡಿಗೆ ಇಟ್ಟುಕೊಳ್ಳಿ, ಅಲ್ಲಿ ಚರ್ಮ ದಪ್ಪ. ನೀರಲ್ಲಿ ನೆನೆದ ಮೇಲೆ, ಮೆಲ್ಲಗೆ, ವಾರಕ್ಕೊಂದು ಸಲ. ತೋಳಿಗೆ ಕೈಯೇ ಸಾಕು. ಒದ್ದೆ ಆರುವ ಮೊದಲೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ.”